ಎರಡು ಸೆಂಟ್ ತೋಟ

ಕೊಡಗಿಗೆ ವಸಂತ ಬರುವುದು ಪಂಚಾಂಗ ನೋಡಿಕೊಂಡಲ್ಲ, ಫೋನಿನಲ್ಲಿ. ಫೆಬ್ರವರಿ ಕಳೆದು ಒಂದು ಸಂಜೆ ಎಲ್ಲೋ ದೂರದಲ್ಲಿ ಗುಡುಗಿತೆಂದರೆ ಸಾಕು, ಮರುದಿನ ಕಾಫಿ ಕುಡಿಯುವ ಹೊತ್ತಿಗೆ ಊರಿಂದೂರಿಗೆ ಫೋನು ಶುರು. ‘ನಿಮ್ಮಲ್ಲಿ ಎಷ್ಟು?’ ಅಷ್ಟೇ ಪ್ರಶ್ನೆ. ಏನು ಎಷ್ಟು ಎಂದು ಯಾರೂ ತಿರುಗಿ ಕೇಳುವುದಿಲ್ಲ. ‘ನಲವತ್ತು ಸೆಂಟ್’, ‘ಒಂದು ಇಪ್ಪತ್ತು’, ‘ಅಯ್ಯೋ, ನೆಲ ಒದ್ದೆಯಾಗಿದ್ದೇ ಬಂತು’. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾದರೂ ಬೆಳೆಗಾರರ ಬಾಯಲ್ಲಿ ಮಳೆ ಇನ್ನೂ ಇಂಚು, ಇಂಚಿನ ನೂರನೇ ಒಂದು ಪಾಲು ಸೆಂಟು. ಐಗೂರಿನಲ್ಲಿ ಒಂದು ಇಂಚು ಸುರಿದ ದಿನ ನಮ್ಮ ಅಂಗಳದ ಧೂಳು ಅಡಗದೇ ಇರಬಹುದು. ಅಂಥ ದಿನ ಐಗೂರಿನವರ ಫೋನು ಎತ್ತುವುದು ಸ್ವಲ್ಪ ಕಷ್ಟ.

ಇದು ಹೂಮಳೆ. ಕಾಫಿ ಗಿಡದ ಮೊಗ್ಗು ಚಳಿಗಾಲ ಪೂರ್ತಿ ಬಾಯಿ ಬಿಗಿದುಕೊಂಡು ಕೂತಿರುತ್ತದೆ. ಇಂಚಿನ ಆಸುಪಾಸು ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಅರಳುತ್ತದೆ. ಕಡಿಮೆ ಬಿದ್ದರೆ ಗಿಡ್ಡ ಎಸಳು ಬಿಟ್ಟು, ಅರೆಬರೆ ಅರಳಿ, ಕಾಯಿ ಕಟ್ಟದೆ ಒಣಗುತ್ತದೆ. ಸರಿಯಾಗಿ ಅರಳಿದ ದಿನವೇ ಮತ್ತೆ ಸುರಿದರೆ ಪರಾಗ ತೊಳೆದುಹೋಗುತ್ತದೆ. ಎಲ್ಲ ಸರಿಹೋಯಿತು ಎಂದುಕೊಂಡರೆ, ಎರಡು ಮೂರು ವಾರ ಬಿಟ್ಟು ಇನ್ನೊಂದು ಮಳೆ, ನಾವು ಬ್ಯಾಕಿಂಗ್ ಎನ್ನುವುದು, ಬಾರದಿದ್ದರೆ ಕಟ್ಟಿದ ಕಾಯೂ ನಿಲ್ಲುವುದಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಬೆಳೆಯುವ ಈ ಪುಟ್ಟ ಜಿಲ್ಲೆಯಲ್ಲಿ ವಸಂತ ಎಂದರೆ ಆ ವರ್ಷದ ಲೆಕ್ಕದ ಪುಸ್ತಕದ ಮೊದಲ ಪುಟ. ಕೋಗಿಲೆ ಕೂಗುತ್ತಲೇ ಇರುತ್ತದೆ, ನಾವು ಆಕಾಶ ನೋಡಿ ಮೂಟೆ ಎಣಿಸುತ್ತಿರುತ್ತೇವೆ. ಸಿಲ್ವರ್ ಓಕ್ ಮರ ಹೂ ಬಿಟ್ಟರೆ ನೆನಪಾಗುವುದು ಅದರ ನಾಟಾ ಬೆಲೆ. ನನ್ನ ಅಪ್ಪ ಹಾಗೆ ಬದುಕಿದರು, ನಾನೂ ಹಾಗೇ ಬದುಕಿದೆ. ತೋಟದಲ್ಲಿ ಲೆಕ್ಕವಿಲ್ಲದ ಒಂದು ಗಿಡ ನೆಟ್ಟವನಲ್ಲ.

ನಮ್ಮ ಮನೆ ಇರುವುದು ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಹೋಗುವ ದಾರಿಯಲ್ಲಿ. ಮೋಡವಿಲ್ಲದ ಬೆಳಿಗ್ಗೆ ಪುಷ್ಪಗಿರಿ ಕಾಣುತ್ತದೆ. ಅರೇಬಿಕಾ ತೋಟ. ಅಡುಗೆಮನೆಯ ಹಿಂಬಾಗಿಲಿಗೂ ಕಾಫಿ ಒಣಹಾಕುವ ಕಣಕ್ಕೂ ನಡುವೆ ಒಂದು ಎರಡು ಸೆಂಟ್ ಜಾಗ (ಇದು ಮಳೆಯ ಸೆಂಟಲ್ಲ, ನೆಲದ್ದು) ಯಾವ ಲೆಕ್ಕಕ್ಕೂ ಸೇರದೆ ಉಳಿದುಬಿಟ್ಟಿತ್ತು. ಒಂದು ಕರಿಬೇವು, ಒಂದು ದಾಸವಾಳ, ಬಟ್ಟೆ ಒಣಹಾಕುವ ತಂತಿ. ಬೆಂಗಳೂರಿನಲ್ಲಿರುವ ನನ್ನ ಮಗ ಬಂದಾಗಲೆಲ್ಲ ಅದನ್ನೇ ನೋಡುತ್ತಿದ್ದ. ‘ಅಪ್ಪಾ, ಇಲ್ಲಿ ಇಂಟರ್‌ಲಾಕ್ ಹಾಕಿಸಿಬಿಟ್ಟರೆ ಎರಡು ಕಾರು ನಿಲ್ಲಿಸಬಹುದು.’ ನಾನೂ ಆಗಲಿ ಎಂದಿದ್ದೆ. ಅಷ್ಟರಲ್ಲಿ ಅವನ ಮಗಳು ಆ ಜಾಗವನ್ನು ತನ್ನದು ಎಂದಳು. ಆರು ವರ್ಷದವಳು. ಸುತ್ತ ನಾಲ್ಕು ಕಲ್ಲಿಟ್ಟು ಗಡಿ ಹಾಕಿದಳು. ಕಂದಾಯ ಇಲಾಖೆಗಿಂತ ಚುರುಕು.

ಜನವರಿ 26ರ ರಜೆಗೆ ಬಂದಾಗ ಮಡಿಕೇರಿಯ ರಾಜಾಸೀಟಿಗೆ ಫಲಪುಷ್ಪ ಪ್ರದರ್ಶನ ನೋಡಲು ಹೋಗಿದ್ದೆವು. ಹೂವಿನಲ್ಲಿ ಮಾಡಿದ ಆಕೃತಿಗಳ ಮುಂದೆ ಜನ ಫೋಟೊ ತೆಗೆಸಿಕೊಳ್ಳಲು ನೂಕಾಡುತ್ತಿದ್ದರೆ ಇವಳಿಗೆ ಒಂದೇ ಚಿಂತೆ: ಇವನ್ನೆಲ್ಲ ಕಿತ್ತು ಚುಚ್ಚಿದ್ದಾರೋ, ಇಲ್ಲೇ ಬೆಳೆದವೋ? ಕಿತ್ತು ಚುಚ್ಚಿದ್ದು ಎಂದೆ. ಆಸಕ್ತಿ ಹೊರಟುಹೋಯಿತು. ಮನೆಗೆ ಬಂದರೆ ನಮ್ಮ ನರ್ಸರಿಯಲ್ಲಿ ಏರುಮಡಿಗೆ ಕಾಫಿ ಬೀಜ ಹಾಕುವ ಕೆಲಸ ನಡೆದಿತ್ತು. ಎಸ್. 795 ತಳಿ, ಬೂದಿಯಲ್ಲಿ ಹೊರಳಿಸಿ ನೆರಳಲ್ಲಿ ಒಣಗಿಸಿದ ಬೀಜ. ಚಪ್ಪಟೆ ಮುಖ ಕೆಳಗೆ, ಉಬ್ಬಿದ ಬೆನ್ನು ಮೇಲೆ. ಇವಳೂ ಕೂತು ಒಂದು ಸಾಲು ಜೋಡಿಸಿದಳು. ಮೇಲೆ ತೆಳುವಾಗಿ ಮಣ್ಣು, ಅದರ ಮೇಲೆ ಭತ್ತದ ಹುಲ್ಲು. ‘ನಾಳೆ ಬರುತ್ತಾ?’ ಎಂದಳು. ನಲವತ್ತೈದು ದಿನ ಎಂದೆ. ನಮ್ಮ ಎತ್ತರದ ಚಳಿಗೆ ಇನ್ನೂ ಒಂದೆರಡು ವಾರ ಹೆಚ್ಚು ಎನ್ನುವುದನ್ನು ಹೇಳಲು ಧೈರ್ಯವಾಗಲಿಲ್ಲ. ಬೆಂಗಳೂರಿಗೆ ಹೋದ ಮೇಲೆ ರಾತ್ರಿ ರಾತ್ರಿ ಫೋನು. ‘ಬಂತಾ?’ ನನ್ನ ಜೀವಮಾನದಲ್ಲಿ ಮಳೆ ಬಿಟ್ಟು ಬೇರೆ ವಿಷಯಕ್ಕೆ ಆ ಪ್ರಶ್ನೆ ಕೇಳಿದವಳು ಇವಳೇ ಮೊದಲು.

ಮಾರ್ಚ್ ಕೊನೆಗೆ ಪರೀಕ್ಷೆ ಎನ್ನುವ ಆಟ ಮುಗಿಸಿಕೊಂಡು ಬಂದಳು. ಚಪ್ಪಲಿ ಬಿಚ್ಚುವ ಮುಂಚೆ ಮಡಿಯ ಹತ್ತಿರ ಓಡಿದಳು. ಹುಲ್ಲು ಸರಿಸಿದ್ದೆವು. ಕಾಫಿ ಮೊಳೆಯುವ ರೀತಿ ನೋಡಿದವರಿಗೇ ಗೊತ್ತು. ಬೀಜ ಮಣ್ಣಿನೊಳಗೆ ಉಳಿಯುವುದಿಲ್ಲ. ಬೆಂಕಿಕಡ್ಡಿಯಷ್ಟು ತೆಳುವಾದ ಕಾಂಡ ಆ ಬೀಜವನ್ನೇ ತಲೆಯ ಮೇಲೆ ಹೊತ್ತುಕೊಂಡು ನೆಟ್ಟಗೆ ಮೇಲೇಳುತ್ತದೆ. ಟೋಪಿ ಎನ್ನುತ್ತೇವೆ. ಸಾಲು ಸಾಲು ಟೋಪಿಗಳು. ಇವಳು ಎದುರು ನಿಂತು ಸಲ್ಯೂಟ್ ಹೊಡೆದಳು. ಆಮೇಲೆ ಒಂದೊಂದಕ್ಕೂ ಟೋಪಿ ತೆಗೆ ಎಂದು ಆಜ್ಞೆ. ಒಂದೂ ತೆಗೆಯದಿದ್ದಾಗ ತಾನೇ ಕೈ ಹಾಕಲು ಹೋದಳು. ನರ್ಸರಿ ಕೆಲಸ ನೋಡಿಕೊಳ್ಳುವ ಅಕ್ಕ ದೂರದಿಂದಲೇ ಕೂಗಿದರು: ‘ಏ ಮರಿ, ಅದರೊಳಗೆ ಎಲೆ ಮಡಿಸಿಟ್ಟಿದೆ, ಹರಿದುಹೋಗ್ತದೆ. ಅದೇ ಬಿಚ್ಕೊಳ್ಳಲಿ.’ ಕೆಲವು ದಿನಕ್ಕೆ ಟೋಪಿ ಕಳಚಿ ಎರಡು ದುಂಡು ಎಲೆ ಅಗಲವಾದವು. ಪ್ರತಿ ಬೆಳಿಗ್ಗೆ ಯಾರು ಯಾರು ಟೋಪಿ ತೆಗೆದರು ಎಂದು ಹಾಜರಿ. ಇಷ್ಟು ವರ್ಷ ನಾನು ನೋಡುತ್ತಿದ್ದದ್ದು ನೂರಕ್ಕೆ ಎಷ್ಟು ಮೊಳೆತವು ಎಂದು ಮಾತ್ರ.

ಟೋಪಿ ಹಂತದಲ್ಲೇ ಸಸಿಯನ್ನು ಮಡಿಯಿಂದ ಎತ್ತಿ ಪಾಲಿಥಿನ್ ಚೀಲಕ್ಕೆ ಹಾಕಬೇಕು. ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ಅವಳು ಕರಟದಲ್ಲಿ ಅಳೆದಳು. ಗೊಬ್ಬರ ಮುಟ್ಟುವಾಗ ಮೊದಲ ದಿನ ಮೂಗು ಮುಚ್ಚಿಕೊಂಡವಳು ಎರಡನೇ ದಿನ ಮೊಣಕೈವರೆಗೆ ಒಳಗೆ. ಸೊಸೆಗೆ ವೀಡಿಯೊ ಕಾಲ್ ಮಾಡಿ ತೋರಿಸಿದ್ದು ನನ್ನ ಹೆಂಡತಿ, ನಾನಲ್ಲ. ಚೀಲದ ಮಣ್ಣಿನಲ್ಲಿ ತೂತು ಮಾಡಿ ತಾಯಿಬೇರು ನೆಟ್ಟಗೆ ಇಳಿಯುವಂತೆ ಬಿಡಬೇಕು. ಬೇರು ಮಡಚಿಕೊಂಡರೆ ಗಿಡ ಆಗ ಏನೂ ಹೇಳುವುದಿಲ್ಲ, ವರ್ಷಗಟ್ಟಲೆ ಸಾಕಿಸಿಕೊಂಡು ಒಂದು ಬೇಸಿಗೆಯಲ್ಲಿ ಕೈ ಕೊಡುತ್ತದೆ. ತೂತಿಗೆ ನಾವು ಚೂಪಾದ ಕಡ್ಡಿ ಬಳಸುತ್ತೇವೆ. ಇವಳ ತೋರುಬೆರಳು ಅದಕ್ಕಿಂತ ಸರಿಯಾದ ಅಳತೆ. ಬಗ್ಗುವುದು ನನಗೆ ಕಷ್ಟ, ಅವಳಿಗೆ ಬಗ್ಗುವ ಅಗತ್ಯವೇ ಇಲ್ಲ. ತೂತು ಮಾಡುವುದು ಅವಳು, ಮಣೆ ಮೇಲೆ ಕುಳಿತು ಸಸಿ ಹಿಡಿದುಕೊಡುವುದು ನಾನು. ಮನೆಯಲ್ಲಿ ಉಳಿದ ಎಲ್ಲರಿಗೂ ಕೆಲಸವಿದೆ, ತುರ್ತು ಇದೆ. ಬೆಳಿಗ್ಗೆ ಹತ್ತು ಗಂಟೆಗೆ ಒಂದು ಎರೆಹುಳು ಮಣ್ಣಿನೊಳಗೆ ಪೂರ್ತಿ ಇಳಿಯುವವರೆಗೆ ನಿಂತು ನೋಡುವಷ್ಟು ಪುರಸೊತ್ತು ಇದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಮಳೆ ಮಾತ್ರ ಬರಲಿಲ್ಲ. ಅಂಗಳದ ಮೂಲೆಯಲ್ಲಿ ಮಳೆಮಾಪಕ ಇದೆ. ಮೇಲೆ ಆಲಿಕೆ, ಒಳಗೆ ನೀರು ಕೂಡುವ ಡಬ್ಬ, ಅಳೆಯಲು ಗೆರೆ ಕೊರೆದ ಗಾಜಿನ ಲೋಟ. ಬೆಳಿಗ್ಗೆ ಎಂಟಕ್ಕೆ ನೋಡಿ ಡೈರಿಯಲ್ಲಿ ಬರೆಯುವುದು ನಮ್ಮ ಮನೆಯಲ್ಲಿ ದೇವರ ದೀಪದಷ್ಟೇ ಕಡ್ಡಾಯ. ಆ ಕೆಲಸವನ್ನು ಅವಳು ವಹಿಸಿಕೊಂಡಳು. ದಿನಾ ಸೊನ್ನೆ. ಸೊನ್ನೆಯನ್ನು ಎಷ್ಟು ದೊಡ್ಡದಾಗಿ ಬರೆಯಬಹುದೋ ಅಷ್ಟು ದೊಡ್ಡದಾಗಿ ಬರೆಯುತ್ತಿದ್ದಳು. ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಒಂದು ಇಂಚು ಬಂದರೆ ಸಾಕು, ಹೂ ಬರುತ್ತದೆ. ಒಂದು ಬೆಳಿಗ್ಗೆ ಅವಳ ಕೂಗು ಕೇಳಿಸಿತು. ‘ಅಜ್ಜಾ, ಬೇಗ ಬಾ! ಮಳೆ!’ ಹೋಗಿ ನೋಡಿದರೆ ಗಾಜಿನ ಲೋಟ ತುಂಬಿ ಇನ್ನೂ ಮಿಕ್ಕಿದೆ. ಅಳೆದೆವು. ಒಂದು ಇಂಚು ಮೂವತ್ತೈದು ಸೆಂಟ್. ಅಂಗಳದಲ್ಲಿ ಕೋಳಿ ಧೂಳಿನಲ್ಲಿ ಹೊರಳಾಡುತ್ತಿತ್ತು. ‘ಯಾವಾಗ ಬಂತು ಪುಟ್ಟಿ?’ ‘ರಾತ್ರಿ. ನೀನು ಮಲಗಿದ್ದೆ.’ ಅವಳ ಫ್ರಾಕಿನ ಮುಂಭಾಗ ಒದ್ದೆ.

ಅದೇ ಹೊತ್ತಿಗೆ ಫೋನು. ಐಗೂರಿನ ಗೆಳೆಯರು. ‘ನಿಮ್ಮಲ್ಲಿ ಎಷ್ಟು?’ ಎಂದರು, ಅಭ್ಯಾಸಬಲದಿಂದ. ಲೋಟ ನನ್ನ ಕೈಯಲ್ಲೇ ಇತ್ತು. ‘ಒಂದು ಮೂವತ್ತೈದು’ ಎಂದೆ. ಆ ಕಡೆ ಉಸಿರಿನ ಸದ್ದೂ ಇಲ್ಲ. ಆಮೇಲೆ, ‘ಎಷ್ಟು ಹೊತ್ತಿಗೆ?’ ‘ಗೊತ್ತಿಲ್ಲ, ನಾನು ಮಲಗಿದ್ದೆ.’ ಆ ಒಂದು ನಿಮಿಷದ ಸುಖವನ್ನು ನಾನು ಯಾವ ಬೆಲೆಗೂ ಕೊಡುವವನಲ್ಲ. ಸಂಜೆ ನಿಜ ಹೇಳಿದಾಗ ಅವರು ನಕ್ಕು, ‘ಅವಳನ್ನ ಒಂದು ವಾರ ನಮ್ಮನೆಗೂ ಕಳಿಸಿಕೊಡಿ’ ಎಂದರು. ಹಾಗೆ ನೋಡಿದರೆ ಅವಳು ಮಾಡಿದ್ದರಲ್ಲಿ ನಗುವಂಥದ್ದೇನಿದೆ? ಕೆರೆ ಇರುವ ರೊಬಸ್ಟಾ ಬೆಳೆಗಾರರು ಫೆಬ್ರವರಿಯಲ್ಲಿ ಪಂಪು ಜೋಡಿಸಿ, ಜೆಟ್ ತಿರುಗಿಸಿ, ತೋಟಕ್ಕೆ ನೀರು ಸುರಿದು ಹೂ ಬಿಡಿಸಿಕೊಳ್ಳುವುದೂ ಇದೇ. ಅವರ ಚೊಂಬು ದೊಡ್ಡದು, ಅಷ್ಟೆ. ಡೈರಿಯಲ್ಲಿ ಅವಳು ಕೆಂಪು ಪೆನ್ಸಿಲಿನಲ್ಲಿ ಬರೆದ ಆ 1.35 ಹಾಗೇ ಇದೆ. ಮುಂದೆ ಯಾರಾದರೂ ಈ ಡೈರಿಗಳನ್ನು ಹಿಡಿದು ಹವಾಮಾನ ಬದಲಾವಣೆಯ ಬಗ್ಗೆ ಪ್ರಬಂಧ ಬರೆದರೆ ಒಂದು ದಿನ ಕಂಗಾಲಾಗಲಿ.

ನಿಜವಾದ ಮಳೆ ಬಂದದ್ದು ಒಂದು ಮಧ್ಯಾಹ್ನ, ಆಲಿಕಲ್ಲಿನೊಂದಿಗೆ. ಹೆಂಚಿನ ಮೇಲೆ ಕಲ್ಲು ತೂರಿದ ಹಾಗೆ. ನನಗೆ ಎದೆ ಧಸಕ್ಕೆಂದಿತು, ಮೊಗ್ಗು ಉದುರುತ್ತದೆ, ಚಿಗುರು ಹರಿಯುತ್ತದೆ. ಇವಳು ತಲೆಗೆ ಬುಟ್ಟಿ ಕವುಚಿಕೊಂಡು ಅಂಗಳದಲ್ಲಿ ಆಲಿಕಲ್ಲು ಆರಿಸುತ್ತಿದ್ದಳು. ಡಬ್ಬ ತುಂಬ ಆರಿಸಿ ಒಂದನ್ನು ನನ್ನ ಬಾಯಿಗೆ ಹಾಕಿದಳು. ಎಷ್ಟು ದಶಕವಾಗಿತ್ತೋ ಆಲಿಕಲ್ಲು ತಿಂದು. ರುಚಿಯೇನೂ ಇಲ್ಲ, ಸ್ವಲ್ಪ ಧೂಳಿನ ವಾಸನೆ.

ಬೆರಳು ಮಡಚಿ ಎಣಿಸುತ್ತಾ ಕಾದಳು. ಹೂ ಬಂತು. ಕಾಫಿ ಹೂವಿನ ಬಗ್ಗೆ ಪ್ರವಾಸಿಗರು ಬೇಕಾದಷ್ಟು ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಎರಡು ಮೂರು ದಿನದ ಸಂಭ್ರಮ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಉದುರುತ್ತದೆ. ಅವಳು ಗಮನಿಸಿದ್ದು ಬೇರೆ. ಮೂಗಿಟ್ಟು ನೋಡಿ, ‘ಇದು ಅಜ್ಜಿಯ ಗಂಧರಾಜದ ವಾಸನೆ’ ಎಂದಳು. ಸುಮ್ಮನೆ ಹೇಳಿದ್ದಾದರೂ ಮಾತು ಸುಳ್ಳಲ್ಲ. ಗಂಧರಾಜ, ಕೇಪಳ, ಕಾಫಿ ಮೂರೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಟುಂಬ. ಹೇಳಿದೆ. ‘ಹಾಗಾದ್ರೆ ಕಸಿನ್ಸಾ?’ ಎಂದು ಕೇಳಿ, ಮೂರರ ಒಂದೊಂದು ಹೂ ತಂದು ಒಂದೇ ಲೋಟದಲ್ಲಿ ಇಟ್ಟಳು, ಭೇಟಿಯಾಗಲಿ ಎಂದು.

ಹೂವಿನ ದಿನ ತೋಟದಲ್ಲಿ ನಿಂತರೆ ಕಿವಿಗೆ ಬೇರೇನೂ ಬೀಳುವುದಿಲ್ಲ, ಜೇನು ಮಾತ್ರ. ಅವಳಿಗೆ ಮೊದಲು ಭಯ. ಹಿತ್ತಲಿನ ತುಡುವೆ ಪೆಟ್ಟಿಗೆಯ ಹಿಂಬದಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಹಿಂದಿನಿಂದ ನೋಡಿದರೆ ಅವು ನಮ್ಮನ್ನು ಕೇಳುವುದಿಲ್ಲ. ಕಾಲಿನಲ್ಲಿ ಪರಾಗದ ಉಂಡೆ ಹೊತ್ತು ಇಳಿಯುವುದನ್ನು ನೋಡಿ ‘ಚೀಲ ತುಂಬಿಸ್ಕೊಂಡು ಬಂದಿದ್ದಾವೆ’ ಎಂದಳು. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಸಂಸಾರಗಳನ್ನು ಬಾಚಿಕೊಂಡು ಹೋಯಿತು. ಮರಿಗಳು ಗೂಡಿನೊಳಗೇ ನೀರುಚೀಲವಾಗಿ ಸಾಯುತ್ತಿದ್ದವು. ಆಗ ನಮ್ಮ ಪೆಟ್ಟಿಗೆಗಳೂ ಖಾಲಿ. ಕೊಡಗಿನ ಜೇನು ಎಂದು ಹೆಸರು ಹೇಳಿ ಮಾರುತ್ತಿದ್ದ ಜಿಲ್ಲೆಯಲ್ಲಿ ಮನೆಖರ್ಚಿಗೂ ಜೇನಿರಲಿಲ್ಲ. ಅದನ್ನೆಲ್ಲ ಅವಳಿಗೆ ಹೇಳಲಿಲ್ಲ. ಹಿತ್ತಲ ಕೆಳಗಿನ ಬರೆಗೆ ಲಾವಂಚ ಯಾಕೆ ನೆಟ್ಟಿದ್ದೀಯ ಎಂದು ಕೇಳಿದಾಗಲೂ ‘ಮಣ್ಣು ಜಾರಬಾರದು ಅಂತ’ ಎಂದಷ್ಟೇ ಹೇಳಿದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮಾದಾಪುರದ ಕಡೆ ಗುಡ್ಡಗಳು ತೋಟ ಮನೆ ಸಮೇತ ಇಳಿದದ್ದನ್ನು ಕಂಡ ಮೇಲೆ ನಮ್ಮಲ್ಲಿ ಬರೆಯ ಅಂಚಿಗೆ ಹೋದವರು ಒಮ್ಮೆ ಕಾಲು ತುಳಿದು ನೋಡುತ್ತಾರೆ. ಅವಳೂ ತುಳಿದು ನೋಡಿದಳು, ಆಟ ಎಂದುಕೊಂಡು.

ಎರಡು ಸೆಂಟಿನಲ್ಲಿ ಏನೇನಿತ್ತು ಎಂದರೆ, ಕ್ರಮವೇ ಇರಲಿಲ್ಲ. ಅಟ್ಟದಲ್ಲಿ ಬೂದಿಯೊಳಗೆ ಇಟ್ಟಿದ್ದ ಡೇರೆ ಗೆಡ್ಡೆಗಳನ್ನು ಅವಳಜ್ಜಿ ಇಳಿಸಿಕೊಟ್ಟಳು. ಕುತ್ತಿಗೆಯಲ್ಲಿ ಕಣ್ಣು ಇರುವುದನ್ನೇ ನೆಡಬೇಕು, ಇಲ್ಲದಿದ್ದರೆ ಗೆಡ್ಡೆ ಎಷ್ಟು ದಪ್ಪಗಿದ್ದರೂ ಮೊಳೆಯುವುದಿಲ್ಲ. ಕಣ್ಣಿಲ್ಲದವನ್ನೂ ಅವಳು ನೆಟ್ಟಳು, ಬೇಜಾರಾಗುತ್ತದೆ ಎಂದು. ಶುಂಠಿಯ ಪಕ್ಕ ಚೆಂಡುಹೂ, ಅದರ ಪಕ್ಕ ಒಂದು ಪೆನ್ಸಿಲು. ಪೆನ್ಸಿಲು ಮೊಳೆಯುವುದಿಲ್ಲ ಎಂದು ನಾನು ಯಾಕೆ ಹೇಳಬೇಕು? ನೆರೆಯ ಕೊಡವರ ಮನೆಯಲ್ಲಿ ಎಡಮ್ಯಾರ್ ಒಂದನೆಯ ದಿನ, ಏಪ್ರಿಲ್ ಮಧ್ಯದ ಹೊಸ ವರ್ಷಕ್ಕೆ, ಗದ್ದೆಯಲ್ಲಿ ಮೊದಲ ಉಳುಮೆ ಮಾಡುವುದನ್ನು ನೋಡಿ ಬಂದವಳು ಛತ್ರಿಯ ಹಿಡಿಕೆಯಲ್ಲಿ ತನ್ನ ಎರಡು ಸೆಂಟನ್ನೂ ಉತ್ತಳು. ಮೊಳೆತ ಶುಂಠಿ ಅರ್ಧ ಹೋಯಿತು. ಉಳಿದರ್ಧವನ್ನು ಮಂಗಗಳು ಕಿತ್ತು ನೋಡಿ ಎಸೆದವು, ತಿನ್ನಲೂ ಇಲ್ಲ. ಮದ್ದುಸೊಪ್ಪಿನ ಕಡ್ಡಿಯನ್ನು ಅವಳೇ ಕೇಳಿ ನೆಡಿಸಿದಳು, ಆಟಿ ಹದಿನೆಂಟರಂದು ಅದರ ನೇರಳೆ ಬಣ್ಣದ ಪಾಯಸ ಕುಡಿದರೆ ಮೂತ್ರ ಕೆಂಪಗೆ ಹೋಗುತ್ತದೆ ಎಂದು ಅಜ್ಜಿ ಹೇಳಿದ್ದಕ್ಕೆ. ಆಗಸ್ಟಿನಲ್ಲಿ ಅವಳಿಗೆ ಶಾಲೆ. ಪಾಯಸವನ್ನು ಫ್ಲಾಸ್ಕಿನಲ್ಲಿ ಬಸ್ಸಿಗೆ ಹಾಕುವುದು ಎಂದು ತೀರ್ಮಾನವಾಗಿದೆ.

ಕಿತ್ತಳೆಯದು ಬೇರೆ ಕತೆ. ನನ್ನ ಅಪ್ಪನ ಕಾಲದಲ್ಲಿ ಕಾಫಿಯ ನಡುನಡುವೆ ಕಿತ್ತಳೆ ಮರಗಳಿದ್ದವು. ಸಿಪ್ಪೆ ಸಡಿಲ, ಹುಳಿ ಸಿಹಿ ಸರಿಸಮ. ಕಿತ್ತಳೆಯ ದುಡ್ಡಿನಲ್ಲಿ ಮದುವೆ ಮಾಡಿದ ಮನೆಗಳಿವೆ. ಆಮೇಲೆ ಗ್ರೀನಿಂಗ್ ರೋಗ ಬಂತು. ಕಣ್ಣಿಗೆ ಕಂಡರೂ ಕಾಣದಂಥ ಒಂದು ಕೀಟ ಮರದಿಂದ ಮರಕ್ಕೆ ಹೊತ್ತು ಹಾಕುವ ಬ್ಯಾಕ್ಟೀರಿಯಾ ಅದು. ಎಲೆ ಹಳದಿಯಾಗಿ, ಹಣ್ಣು ಹಣ್ಣಾಗದೆ ಉಳಿದು, ಮರ ತುದಿಯಿಂದ ಒಣಗಿತು. ಕೊಡಗಿನ ಕಿತ್ತಳೆಗೆ ಭೌಗೋಳಿಕ ಗುರುತಿನ ಗೌರವ ಸಿಗುವ ಹೊತ್ತಿಗೆ ತೋರಿಸಲು ಮರಗಳನ್ನು ಹುಡುಕಬೇಕಾಗಿತ್ತು. ನಮ್ಮಲ್ಲಿ ಕೊಟ್ಟಿಗೆ ಹಿಂದೆ ಒಂದು ಮರ ಯಾಕೋ ಉಳಿದಿದೆ. ಅದರ ಹಣ್ಣು ತಿಂದು ಜನವರಿಯಲ್ಲಿ ಇವಳು ಬೀಜವನ್ನು ಮಣ್ಣು ತುಂಬಿದ ಕರಟಕ್ಕೆ ಉಗಿದಿದ್ದಳು. ಈಗ ನೋಡಿದರೆ ಒಂದು ಬೀಜದಿಂದ ಮೂರು ಸಸಿ! ಮೂರೂ ಒಂದೇ ಬೀಜದ್ದೇ ಎಂದು ನಾನು ಮಣ್ಣು ಕೆದಕಿ ತೋರಿಸಿದೆ. ಕಿತ್ತಳೆಯ ಗುಟ್ಟು ಅದು. ಬೀಜದೊಳಗೆ ಒಂದು ಮೊಳಕೆ ಪರಾಗ ಸೇರಿ ಆದದ್ದು, ಉಳಿದವು ತಾಯಿಮರದ ಅಂಗಾಂಶದಿಂದಲೇ ಹುಟ್ಟಿದವು, ತಾಯಿಯ ಪಡಿಯಚ್ಚು. ಯಾವುದು ಯಾವುದು ಎಂದು ನೋಡಿದರೆ ಗೊತ್ತಾಗುವುದಿಲ್ಲ. ಅವಳಿಗೆ ಆ ವಿಜ್ಞಾನ ಬೇಕಿರಲಿಲ್ಲ. ಮೂರನ್ನೂ ಬಿಡಿಸಿ ಪಾಲು ಮಾಡಿದಳು. ದೊಡ್ಡದು ತನಗೆ, ಎರಡನೆಯದು ಅಜ್ಜಿಗೆ, ಬಡಕಲು ನನಗೆ.

ವಾರಾಂತ್ಯಕ್ಕೆ ಬಂದ ಮಗ ನೋಡಿದ. ‘ಅಪ್ಪಾ, ಬೀಜದ ಗಿಡ ಫಸಲಿಗೆ ಬರೋಕೆ ಆರೇಳು ವರ್ಷ. ಅದಕ್ಕೂ ರೋಗ ಬರುತ್ತೆ. ಚೆಟ್ಟಳ್ಳಿ ತೋಟಗಾರಿಕಾ ಕೇಂದ್ರದಲ್ಲಿ ರೋಗ ಇಲ್ಲದ ಕಸಿ ಗಿಡ ತಂದು ಹಾಕಿದರೆ ಬೇಗ ಕಾಯಿ.’ ಅವನು ಹೇಳಿದ್ದು ಅಕ್ಷರಶಃ ಸರಿ. ನನ್ನ ಮಗನಾಗಿ ಅವನು ಹಾಗೆ ಹೇಳದಿದ್ದರೆ ನನಗೇ ಬೇಸರವಾಗುತ್ತಿತ್ತು. ಆದರೂ ನನ್ನ ಬಡಕಲು ಸಸಿಗೆ ನಾನು ಬೇಲಿ ಕಟ್ಟಿಕೊಂಡಿದ್ದೇನೆ. ಕಾಫಿಗೆ ಹಾಕುವ ಲೆಕ್ಕ ಅದಕ್ಕೆ ಹಾಕಿಲ್ಲ. ಇಂಟರ್‌ಲಾಕಿನ ಮಾತನ್ನು ಅವನೇ ಆಮೇಲೆ ಎತ್ತಲಿಲ್ಲ. ಕಾರನ್ನು ಈಗ ಕಣದ ಆಚೆ ಹಲಸಿನ ಮರದ ಕೆಳಗೆ ನಿಲ್ಲಿಸುತ್ತಾನೆ. ಹಲಸು ಹಣ್ಣಾಗುವ ಕಾಲಕ್ಕೆ ಆನೆ ಬರುವ ಜಾಗ ಅದು, ಅದರ ಚಿಂತೆ ಅವನದು.

ಮೇ ಕೊನೆಗೆ ಹೊರಡುವ ಹಿಂದಿನ ದಿನ ಅವಳು ಚೀಲದ ಸಸಿಗಳ ಸಾಲಿನ ಮುಂದೆ ಕೂತು ವಿಚಾರಣೆ ಶುರುಮಾಡಿದಳು. ‘ಇವನ್ನ ಯಾವಾಗ ತೋಟಕ್ಕೆ ಹಾಕ್ತೀಯ?’

‘ಮಳೆ ಹದಕ್ಕೆ ಬಂದಾಗ. ಆಗಸ್ಟ್ ಹೊತ್ತಿಗೆ.’

‘ಕಾಫಿ ಯಾವಾಗ ಬಿಡುತ್ತೆ?’

‘ಮೂರು ನಾಲ್ಕು ವರ್ಷ ಬೇಕು.’

‘ಆಗ ನನಗೆಷ್ಟು?’

‘ಹತ್ತು.’

‘ನಿನಗೆ?’

‘ಎಪ್ಪತ್ತಾರು.’

ನನ್ನ ಸೊಂಟದ ಕಡೆ ಒಂದು ಸಲ ನೋಡಿದಳು, ಮಾರಲು ತಂದ ಎತ್ತನ್ನು ನೋಡುವ ಹಾಗೆ. ‘ಆಗ ನಿನಗೆ ಆಗಲ್ಲ ಬಿಡು. ನಾನೇ ಕುಯ್ತೀನಿ. ನೀನು ಚೀಲ ಹಿಡ್ಕೊ.’

ಒಪ್ಪಿದೆ. ಎದ್ದು ಎರಡು ಹೆಜ್ಜೆ ಹೋದವಳು ತಿರುಗಿದಳು. ಡಿಸೆಂಬರಿನಲ್ಲಿ ಕೊಯ್ಲಿನ ಸಮಯದಲ್ಲಿ ಜಗುಲಿ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳೆಂದು ನನಗೆ ಆಗ ಗೊತ್ತಾಯಿತು.

‘ಕೆಜಿಗೆ ಎಷ್ಟು ಕೊಡ್ತೀಯ?’

ಎಲ್ಲರಿಗೂ ಕೊಡುವಷ್ಟು ಎಂದೆ. ಅಜ್ಜಿ ಅದಕ್ಕಿಂತ ಎರಡು ರೂಪಾಯಿ ಜಾಸ್ತಿ ಹೇಳಿದ್ದಾಳಂತೆ. ಮಾತುಕತೆ ಫೋನಿನಲ್ಲಿ ಇನ್ನೂ ನಡೆದಿದೆ.